ಕಣ್ಣ ಮುಂದಣ ಟೀಕೆ

ಕನ್ನಡಕಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರುಗಳಲ್ಲಿ ಒಂದು ಸುಲೋಚನ, ಇನ್ನೊಂದು ಉಪನೇತ್ರ. ನಾಲ್ವತ್ತು ದಾಟಿದವರಿಗೆ ಬೇಕಾಗುವುದೆಂಬ ಅರ್ಥದಿಂದ ಹಿಂದೂಸ್ತಾನಿಯ ಕಡೆಯಿಂದ ಬಂದ ಚಾಳೀಸು ಎಂಬ ಮಾತೂ ಮನೆಮನೆಯಲ್ಲಿ ಬಳಕೆಯಲ್ಲಿತ್ತು. ಈ ಹೆಸರುಗಳೆಲ್ಲ ಸೂಚಿಸುವ ತತ್ತ್ವ ಒಂದೇ. ಕನ್ನಡಕವು ಕಣ್ಣಿಗೆ ಊಳಿಗ ಮಾಡತಕ್ಕ ವಸ್ತು. ನೋಡುವ ಕೆಲಸ ಕಣ್ಣಿನದು, ತಿಳಿಯುವ ಕೆಲಸ ಮನಸ್ಸಿನದು. ಕಣ್ಣಿಗೂ ಪುಸ್ತಕಕ್ಕೂ ನಡುವೆ ನಿಂತು, ತಾನಿಲ್ಲವೋ ಎಂಬಂತೆ ಇರುವುದೇ ಒಳ್ಳೆಯ ಕನ್ನಡಕದ ಲಕ್ಷಣವೆಂದು ಇದುವರೆಗೆ ಎಲ್ಲರೂ ಒಪ್ಪಿದ್ದರು.

ಈಚೆಗೆ ಮಾತನಾಡುವ ಕನ್ನಡಕ ಬಂದಿದೆ. ಇದನ್ನು ಸ್ಮಾರ್ಟ್ ಗ್ಲಾಸ್ ಎಂದು ಕರೆಯುತ್ತಾರೆ. ಇದರ ಚೌಕಟ್ಟಿನೊಳಗೆ ಸಣ್ಣದೊಂದು ಕ್ಯಾಮೆರಾ, ಕಿವಿಯ ಬಳಿ ನುಡಿಯುವ ಸ್ಪೀಕರು, ಧರಿಸಿದವರ ಮಾತನ್ನು ಕೇಳುವ ಮೈಕು, ಇವನ್ನೆಲ್ಲ ನಡೆಸುವ ಗಣಕ ಇವು ಅಡಗಿರುತ್ತವೆ. ಕೆಲವು ಜಾತಿಯವುಗಳಲ್ಲಿ ಗಾಜಿನ ಮೇಲೆಯೇ ಬೆಳಕಿನಿಂದ ಅಕ್ಷರಗಳೂ ಚಿತ್ರಗಳೂ ಮೂಡಿ, ಎದುರಿಗಿರುವ ಮರ, ಮನೆ, ಮನುಷ್ಯರ ಮೇಲೆ ಬರೆದಂತೆ ಕಾಣುತ್ತವೆ. ಈ ವಿದ್ಯೆಗೆ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು. ಕನ್ನಡದಲ್ಲಿ ವರ್ಧಿತ ವಾಸ್ತವ ಎಂದು ಭಾಷಾಂತರವಾಗಿದೆ.

ಯಂತ್ರದ ವಿಚಾರ ಸಾಹಿತ್ಯಪತ್ರಿಕೆಗೆ ಏತಕ್ಕೆಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ಆದರೆ ಈ ಯಂತ್ರ ಮಾಡುವ ಕೆಲಸವನ್ನು ಕೊಂಚ ನಿಧಾನಿಸಿ ನೋಡಿದರೆ, ಅದು ನಮಗೆ ಹೊಸದಲ್ಲವೆಂದು ಗೊತ್ತಾಗುತ್ತದೆ. ಎದುರಿಗೆ ಒಂದು ಮೂಲವಿದೆ. ಅದು ತಾನಾಗಿ ಎಲ್ಲರಿಗೂ ತಿಳಿಯುವಂತಿಲ್ಲ. ತಿಳಿದವರೊಬ್ಬರು ಪಕ್ಕದಲ್ಲಿ ಕುಳಿತು ಇದರ ಅರ್ಥ ಇದು, ಇದರ ಹೆಸರು ಇದು, ಇದರ ಹಿನ್ನೆಲೆ ಇದು ಎಂದು ಹೇಳುತ್ತಾರೆ. ಕಾವ್ಯದ ವಿಷಯದಲ್ಲಿ ಈ ಕೆಲಸಕ್ಕೆ ಟೀಕೆ, ವ್ಯಾಖ್ಯಾನ ಎಂಬ ಹೆಸರುಗಳು ಸಾವಿರ ವರ್ಷಗಳಿಂದ ಉಂಟು. ಈ ಕನ್ನಡಕವು ಲೋಕವೆಂಬ ಗ್ರಂಥಕ್ಕೆ ಬರೆದ ಟೀಕೆ. ಆದಕಾರಣ ಒಳ್ಳೆಯ ಟೀಕೆ ಯಾವುದು, ಕೆಟ್ಟದ್ದು ಯಾವುದು ಎಂದು ಪರೀಕ್ಷಿಸುವುದಕ್ಕೆ ನಮ್ಮಲ್ಲಿರುವ ಒರೆಗಲ್ಲಿಗೆ ಇದನ್ನೂ ಹಚ್ಚಿ ನೋಡಬಹುದು.

ಮೊದಲು ಇದರ ವಂಶಾವಳಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಮೈಮೇಲೆ ಧರಿಸತಕ್ಕ ಗಣಕದ ಚರಿತ್ರೆ ಅನೇಕರು ಎಣಿಸಿರುವುದಕ್ಕಿಂತ ಹಳೆಯದು. ಎಡ್ವರ್ಡ್ ಥಾರ್ಪ್, ಕ್ಲಾಡ್ ಶ್ಯಾನನ್ ಎಂಬ ಇಬ್ಬರು ಅಮೆರಿಕದ ಗಣಿತಜ್ಞರು ೧೯೬೧ರಲ್ಲಿ ಸಿಗರೇಟಿನ ಪೊಟ್ಟಣದಷ್ಟಿದ್ದ ಗಣಕವೊಂದನ್ನು ಉಡುಪಿನೊಳಗೆ ಬಚ್ಚಿಟ್ಟುಕೊಂಡು, ಕಾಲ್ಬೆರಳಿನಿಂದ ಅದಕ್ಕೆ ಸಂಜ್ಞೆ ಕೊಡುತ್ತ, ಕಿವಿಯಲ್ಲಿ ಅದರ ಉತ್ತರವನ್ನು ಕೇಳುತ್ತ, ಜೂಜುಕಟ್ಟೆಯ ರೂಲೆಟ್ ಚಕ್ರದ ಗತಿಯನ್ನು ಮುಂದಾಗಿ ಊಹಿಸಲು ಯತ್ನಿಸಿದರು. ಅದೇ ೧೯೬೧ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ, ಇಂದಿನ ಪೀಣ್ಯದ ಮಗ್ಗುಲಲ್ಲಿ, ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ಎರಡೂ ಮೈಮೇಲೆ ಧರಿಸುವ ಯಂತ್ರಗಳೇ. ಆದರೂ ಅವುಗಳ ಶೀಲ ಬೇರೆ ಬೇರೆ. ಒಂದು ಪಕ್ಕದವರಿಗೆ ತಿಳಿಯದಂತೆ ಧರಿಸಿದವನ ಕಿವಿಯಲ್ಲಿ ಗುಟ್ಟು ಹೇಳುವುದು. ಇನ್ನೊಂದು ಎಲ್ಲರ ಕಣ್ಣಿಗೂ ಬೀಳುವಂತೆ ಮಣಿಕಟ್ಟಿನ ಮೇಲಿದ್ದು, ನೋಡಿದಾಗ ಮಾತ್ರ ಹೊತ್ತನ್ನು ಹೇಳಿ, ನೋಡದಿದ್ದರೆ ಸುಮ್ಮನಿರುವುದು. ದೃಷ್ಟಿಯಿಲ್ಲದವರಿಗಾಗಿ ಬೆರಳಿನಿಂದ ಮುಟ್ಟಿ ತಿಳಿಯತಕ್ಕ ಬ್ರೈಲ್ ಗಡಿಯಾರವನ್ನೂ ಎಚ್‌ಎಂಟಿಯವರು ಮಾಡಿದರು. ಆ ಗಡಿಯಾರದ ಸಂಸ್ಥೆಯನ್ನು ಮುಚ್ಚುವ ನಿರ್ಧಾರ ೨೦೧೬ರಲ್ಲಿ ಆಯಿತು. ಗುಟ್ಟು ಹೇಳುವ ಯಂತ್ರದ ಸಂತತಿಯಾದರೋ ಬೆಳೆಯುತ್ತಲೇ ಬಂದಿದೆ.

ಐವಾನ್ ಸದರ್‌ಲೆಂಡ್ ಎಂಬ ವಿದ್ವಾಂಸರು ೧೯೬೮ರಲ್ಲಿ ತಲೆಗೆ ತೊಡಿಸಿ ಗಣಕದ ಚಿತ್ರಗಳನ್ನು ಕಣ್ಣೆದುರಿಗೆ ತೋರಿಸುವ ಸಾಧನವನ್ನು ಮೊದಲು ರಚಿಸಿದರು. ಅದರ ಭಾರಕ್ಕೆ ಅದನ್ನು ಮಾಳಿಗೆಯಿಂದ ತೂಗುಹಾಕಬೇಕಾಗಿತ್ತು. ವರ್ಧಿತ ವಾಸ್ತವವೆಂಬ ಹೆಸರು ಬಂದದ್ದು ಬೋಯಿಂಗ್ ವಿಮಾನದ ಕಾರ್ಖಾನೆಯಿಂದ. ಅಲ್ಲಿನ ಥಾಮಸ್ ಕಾಡೆಲ್, ಡೇವಿಡ್ ಮೈಜೆಲ್ ಎಂಬವರು ೧೯೯೨ರಲ್ಲಿ ಪ್ರಕಟಿಸಿದ ಪ್ರಬಂಧದ ಉದ್ದೇಶ ಬಹು ವಿನಯದ್ದು: ವಿಮಾನದ ತಂತಿಗಳನ್ನು ಜೋಡಿಸುವ ಕೆಲಸಗಾರನು ಪದೇ ಪದೇ ಕಾಗದದ ಕಡೆಗೆ ತಿರುಗದಂತೆ, ಯಾವ ತಂತಿ ಎಲ್ಲಿಗೆ ಎಂಬುದನ್ನು ಅವನ ಕಣ್ಣೆದುರಿಗೇ ತೋರಿಸುವುದು. ಆಮೇಲೆ ಇದು ಕಾರ್ಖಾನೆಯಿಂದ ಅಂಗಡಿಗೆ ಬಂದಿತು. ಗೂಗಲ್ ಸಂಸ್ಥೆಯ ಗ್ಲಾಸ್ ೨೦೧೩ರಲ್ಲಿ ಆಯ್ದ ಕೆಲವರ ಕೈಗೆ ಬಂದು, ೨೦೧೫ರಲ್ಲಿ ಸಾರ್ವಜನಿಕ ಮಾರಾಟದಿಂದ ಹಿಂದೆಗೆಯಿತು. ಕಾರ್ಖಾನೆಗಳಿಗೆಂದು ಉಳಿಸಿಕೊಂಡಿದ್ದ ಅದರ ರೂಪವೂ ೨೦೨೩ರಲ್ಲಿ ನಿಂತಿತು. ಮೈಕ್ರೊಸಾಫ್ಟಿನ ಹೋಲೊಲೆನ್ಸ್ ೨೦೧೬ರಲ್ಲಿ ಹೊರಟು ೨೦೨೪ರಲ್ಲಿ ತಯಾರಿಕೆಯನ್ನು ಮುಗಿಸಿತು.

ಎರಡು ಸಲ ಎಡವಿದರೂ ಈ ವಿದ್ಯೆ ನಡೆಯುವುದನ್ನು ಬಿಟ್ಟಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ವೀರಸಂದ್ರದಲ್ಲಿ ಪ್ರಧಾನ ಕಚೇರಿಯುಳ್ಳ ಟೈಟನ್ ಸಂಸ್ಥೆ, ಗಡಿಯಾರದಿಂದಲೇ ಹೆಸರು ಪಡೆದದ್ದು, ೨೦೨೨ರ ಜನವರಿಯಲ್ಲಿ ಐಎಕ್ಸ್ ಎಂಬ ಕನ್ನಡಕವನ್ನು ೯,೯೯೯ ರೂಪಾಯಿ ಬೆಲೆಗೆ ಹೊರತಂದಿತು. ಅದರ ಮಾತು ಕಿವಿಗೆ ಮಾತ್ರ. ಗಾಜಿನ ಮೇಲೆ ಬರವಣಿಗೆಯಿಲ್ಲ. ಮೆಟಾ ಸಂಸ್ಥೆಯ ಕ್ಯಾಮೆರಾಸಹಿತವಾದ ರೇ ಬ್ಯಾನ್ ಕನ್ನಡಕ ೨೦೨೫ರ ಮೇ ತಿಂಗಳಲ್ಲಿ ೨೯,೯೦೦ ರೂಪಾಯಿಯಿಂದ ಮೊದಲ್ಗೊಂಡು ನಮ್ಮ ದೇಶದ ಅಂಗಡಿಗಳಿಗೆ ಬಂದಿತು. ಭಾರತದ ಭಾಷೆಗಳಲ್ಲಿ ಗಣಕಬುದ್ಧಿಯನ್ನು ಪಳಗಿಸುತ್ತಿರುವ ಬೆಂಗಳೂರಿನ ಸರ್ವಂ ಸಂಸ್ಥೆ ೨೦೨೬ರ ಫೆಬ್ರವರಿಯಲ್ಲಿ ದೆಹಲಿಯ ಸಮ್ಮೇಳನದಲ್ಲಿ ಕಾಜೆ ಎಂಬ ಕನ್ನಡಕವನ್ನು ಪ್ರದರ್ಶಿಸಿತು. ಹೀಗೆ ಟೀಕಾಕಾರನು ಬಾಗಿಲಿಗೆ ಬಂದಿದ್ದಾನೆ. ಅವನ ಯೋಗ್ಯತೆಯನ್ನು ವಿಚಾರಿಸುವುದು ಮನೆಯವರ ಕರ್ತವ್ಯ.

ಕಾಳಿದಾಸನಿಗೆ ಟೀಕೆ ಬರೆದ ಮಲ್ಲಿನಾಥಸೂರಿಯು ಗ್ರಂಥಾರಂಭದಲ್ಲಿಯೇ ಒಂದು ವ್ರತವನ್ನು ಹೇಳಿಕೊಂಡಿದ್ದಾನೆಂಬುದು ಸಂಸ್ಕೃತ ಬಲ್ಲವರಿಗೆಲ್ಲ ತಿಳಿದ ಸಂಗತಿ: ಮೂಲದಲ್ಲಿ ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಅಪೇಕ್ಷೆಯಿಲ್ಲದ್ದನ್ನು ನುಡಿಯುವುದಿಲ್ಲ ಎಂದು. ಇದು ಮೊದಲನೆಯ ನಿಯಮ. ಎರಡನೆಯದನ್ನು ನಮ್ಮ ಗಮಕಿಗಳಿಂದ ಕಲಿಯಬಹುದು. ಭಾರತವಾಚನದ ಸಭೆಯಲ್ಲಿ ಪದ್ಯವನ್ನು ಹಾಡುವವರು ಒಬ್ಬರು, ಅರ್ಥ ಹೇಳುವವರು ಮತ್ತೊಬ್ಬರು. ಕವಿಯ ದನಿ ಎಲ್ಲಿ ಮುಗಿಯಿತು, ವ್ಯಾಖ್ಯಾನಕಾರರ ದನಿ ಎಲ್ಲಿ ಮೊದಲಾಯಿತು ಎಂಬುದರಲ್ಲಿ ಕೇಳುವವರಿಗೆ ಸಂದೇಹವೇ ಇರುವುದಿಲ್ಲ. ಟೀಕೆ ಮೂಲದೊಡನೆ ಬೆರೆತುಹೋದರೆ ಅದಕ್ಕೆ ಟೀಕೆಯೆಂಬ ಹೆಸರು ಸಲ್ಲುವುದಿಲ್ಲ; ಪ್ರಕ್ಷೇಪವೆನ್ನುತ್ತೇವೆ. ಓಲೆಯ ಪ್ರತಿಯ ಅಂಚಿನಲ್ಲಿ ಯಾರೋ ಬರೆದ ಮಾತನ್ನು ಮುಂದಿನ ಲಿಪಿಕಾರನು ಕವಿಯದೇ ಎಂದು ತಿಳಿದು ಪದ್ಯದೊಳಗೆ ಸೇರಿಸಿಬಿಟ್ಟರೆ, ಅದನ್ನು ಮತ್ತೆ ಬೇರ್ಪಡಿಸುವುದಕ್ಕೆ ಸಂಪಾದಕರು ಎಷ್ಟು ಪ್ರತಿಗಳನ್ನು ಹೋಲಿಸಬೇಕಾಗುತ್ತದೆಂಬುದು ಗ್ರಂಥಸಂಪಾದನೆಯಲ್ಲಿ ಕೈಯಿಟ್ಟವರಿಗೆ ಗೊತ್ತು. ಮೂರನೆಯ ನಿಯಮ ಇವೆರಡಕ್ಕಿಂತಲೂ ದೊಡ್ಡದು. ಟೀಕೆಯನ್ನು ಓದಿದವನು ಕೊನೆಗೆ ಟೀಕೆಯ ಹಂಗಿಲ್ಲದೆ ಮೂಲವನ್ನು ಓದುವಂತಾಗಬೇಕು. ಶಿಷ್ಯನನ್ನು ಎಂದೆಂದಿಗೂ ಶಿಷ್ಯನಾಗಿಯೇ ಇರಿಸಿಕೊಳ್ಳುವ ಗುರುವಿನ ವಿದ್ಯೆಯಲ್ಲಿ ಏನೋ ಊನವಿದೆ.

ಈ ದೃಷ್ಟಿಯಿಂದ ನೋಡಿದರೆ ವರ್ಧಿತ ವಾಸ್ತವವೆಂಬ ಹೆಸರೇ ವಿಚಾರಾರ್ಹವಾದದ್ದು. ಟೀಕೆಯಿಂದ ಕಾವ್ಯ ವರ್ಧಿಸುವುದಿಲ್ಲ. ವರ್ಧಿಸಿದರೆ ಓದುಗನ ತಿಳಿವು ವರ್ಧಿಸಬೇಕು. ಬೀದಿಯ ಮೇಲೆ ಅಕ್ಷರ ಹರಡಿದ ಮಾತ್ರಕ್ಕೆ ಬೀದಿ ದೊಡ್ಡದಾಗಲಿಲ್ಲ. ಹೆಸರನ್ನು ಇಟ್ಟವರು ಹೆಗ್ಗಳಿಕೆಯನ್ನು ವಾಸ್ತವಕ್ಕೆ ಕಟ್ಟಿದರು. ನಾವು ಅದನ್ನು ಧರಿಸಿದವರ ಕಣ್ಣಿನಲ್ಲಿ ಹುಡುಕಬೇಕು.

ಒಳ್ಳೆಯ ಟೀಕೆಗೆ ಉದಾಹರಣೆ ಇಲ್ಲವೆಂದಲ್ಲ. ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿಯೇ ಒಂದು ಸಿಕ್ಕುತ್ತದೆ. ಆಮೇಲೆ ತೇಜಸ್ ಎಂಬ ಹೆಸರು ಪಡೆದ ಯುದ್ಧವಿಮಾನ ೨೦೦೧ರ ಜನವರಿ ೪ರಂದು ಎಚ್‌ಎಎಲ್ ವಿಮಾನನಿಲ್ದಾಣದಿಂದ ಮೊದಲ ಬಾರಿ ಮೇಲೇರಿತು. ಆ ವಿಮಾನದ ಚಾಲಕನ ಮುಂದೆ ಪಾರದರ್ಶಕವಾದ ಗಾಜಿನ ಫಲಕವೊಂದುಂಟು. ಚಂಡೀಗಢದ ಸರ್ಕಾರಿ ಪ್ರಯೋಗಶಾಲೆ ಅದನ್ನು ಸಿದ್ಧಪಡಿಸಿತು. ವೇಗ, ಎತ್ತರ, ದಿಕ್ಕು ಇವುಗಳ ಅಂಕಿಗಳು ಆ ಗಾಜಿನ ಮೇಲೆ ಮೂಡುತ್ತವೆ. ಮಸೂರಗಳ ಏರ್ಪಾಟಿನಿಂದ ಆ ಅಂಕಿಗಳು ಬಹುದೂರದಲ್ಲಿರುವಂತೆ ಕಾಣುವುದರಿಂದ, ದೂರದ ಆಕಾಶವನ್ನು ನೋಡುತ್ತಿರುವ ಕಣ್ಣು ಹತ್ತಿರದ ಅಕ್ಷರಕ್ಕಾಗಿ ತನ್ನ ನೆಲೆಯನ್ನು ಬದಲಿಸಬೇಕಾಗಿಲ್ಲ. ಇಲ್ಲಿ ಹೇಳಿದ್ದಕ್ಕೆಲ್ಲ ಅಳತೆಯ ಆಧಾರವಿದೆ. ಬೇಡದ ಮಾತಿಗೆ ಎಡೆಯಿಲ್ಲ. ಹಸುರು ಗೆರೆಯನ್ನು ಆಕಾಶದ ವಸ್ತುವೆಂದು ಯಾರೂ ಭ್ರಮಿಸುವುದಿಲ್ಲ. ಚಾಲಕನಾದರೋ ಬರಿಯ ಕಣ್ಣಿನಿಂದ ಹಾರುವುದನ್ನು ಮೊದಲೇ ಕಲಿತವನು. ಮಲ್ಲಿನಾಥನು ಮೆಚ್ಚತಕ್ಕ ಟೀಕೆ ಇದು.

ಇದಕ್ಕಿಂತ ಹೃದಯಕ್ಕೆ ಹತ್ತಿರವಾದ ಉದಾಹರಣೆ ಇನ್ನೊಂದಿದೆ. ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್ ಎಂಬ ಸಂಸ್ಥೆ ದೃಷ್ಟಿಯಿಲ್ಲದವರಿಗಾಗಿ ಒಂದು ಕನ್ನಡಕವನ್ನು ಮಾಡಿದೆ. ಕ್ಯಾಮೆರಾ ಪುಟವನ್ನು ನೋಡುತ್ತದೆ, ಗಣಕ ಅಕ್ಷರವನ್ನು ಗುರುತಿಸುತ್ತದೆ, ಧ್ವನಿ ಅದನ್ನು ಕಿವಿಗೆ ಓದಿ ಹೇಳುತ್ತದೆ. ಎದುರಿಗಿರುವ ವಸ್ತುವನ್ನೂ ಪರಿಚಯದವರ ಮುಖವನ್ನೂ ಹೇಳಲು ಯತ್ನಿಸುತ್ತದೆ. ಅನ್ಯರ ಬಿಡುವನ್ನು ಕಾದು ತನ್ನ ಕಾಗದವನ್ನು ಓದಿಸಿಕೊಳ್ಳಬೇಕಾಗಿದ್ದವರು ತಮ್ಮ ಮನೆಯ ಕಾಗದವನ್ನು ತಾವೇ ಏಕಾಂತದಲ್ಲಿ ತಿಳಿದುಕೊಳ್ಳುವಂತಾದರೆ, ಅದಕ್ಕಿಂತ ಬೇರೆ ಸಾರ್ಥಕತೆ ಯಂತ್ರಕ್ಕೆ ಬೇಕಿಲ್ಲ. ಇಲ್ಲಿ ನಮ್ಮ ಮೂರನೆಯ ನಿಯಮ ಸಲ್ಲುವುದಿಲ್ಲವೆಂದು ಯಾರಾದರೂ ಹೇಳಿಯಾರು: ಅವರು ಟೀಕೆಯ ಹಂಗಿನಿಂದ ಬಿಡುಗಡೆ ಹೊಂದುವುದು ಹೇಗೆ? ಉತ್ತರವಿಷ್ಟೆ. ಅವರಿಗೆ ಇದು ಟೀಕೆಯಲ್ಲ, ಮೂಲದ ವಾಚನ. ಗಮಕಿಯ ಸ್ಥಾನದಲ್ಲಿ ಯಂತ್ರ ನಿಂತಿದೆ, ಅರ್ಥ ಮಾಡಿಕೊಳ್ಳುವವರು ಅವರೇ. ಕಣ್ಣುಳ್ಳವರಿಗಾಗಿ ಮಾಡಿದ ಕನ್ನಡಕದಲ್ಲಿ ಕಾಣುವ ಅತಿಮಾತು ಇಲ್ಲಿ ದೋಷವಾಗಿ ಪರಿಣಮಿಸುವುದು ಒಂದೇ ಎಡೆಯಲ್ಲಿ: ಸರಿಯಾಗಿ ತಿಳಿಯದಾಗ ತಿಳಿಯಿತೆಂದು ಹೇಳುವಾಗ. ಔಷಧದ ಸೀಸೆಯ ಹೆಸರನ್ನು ತಪ್ಪಾಗಿ ಓದುವುದಕ್ಕಿಂತ ಓದಲಾರೆನೆಂದು ಒಪ್ಪಿಕೊಳ್ಳುವ ಯಂತ್ರ ಮೇಲು.

ಎಲೆಕ್ಟ್ರಾನಿಕ್ ಸಿಟಿಯ ಚರಿತ್ರೆಯನ್ನು ಹೇಳುವವರು ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಅದನ್ನು ಆರಂಭಿಸಿದ್ದನ್ನೂ, ಆರ್. ಕೆ. ಬಾಳಿಗರ ದೂರದೃಷ್ಟಿಯನ್ನೂ ಹೇಳುತ್ತಾರೆ. ಅಲ್ಲಿಂದ ಬಹುದೂರವಿಲ್ಲದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ. ಶ. ೮೯೦ರದೆಂದು ಹೇಳುವ ವೀರಗಲ್ಲಿನ ಶಾಸನವೊಂದಿದೆ. ಬೆಂಗಳೂರಿನ ಕಾಳಗವನ್ನು ಹೆಸರಿಸುವ ಹಳೆಯ ಬರಹವೆಂದು ಅದಕ್ಕೆ ಖ್ಯಾತಿ. ಸಾವಿರ ವರ್ಷದ ಬಿಸಿಲು ಮಳೆಗೆ ಸವೆದ ಇಂಥ ಕಲ್ಲುಗಳನ್ನು ಬರಿಯ ಕಣ್ಣಿನಿಂದ ಓದುವುದು ಕಷ್ಟ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿ ೨೦೨೧ರಿಂದ ಈ ಸೀಮೆಯ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನರಿನಿಂದ ಅಳೆದು ಗಣಕದಲ್ಲಿ ಕಾಪಿಡುತ್ತಿದೆ. ಕಲ್ಲಿನ ಮೈಯ ಏರುತಗ್ಗುಗಳೆಲ್ಲ ದಾಖಲೆಯಾಗುವುದರಿಂದ, ಗಣಕದೊಳಗೆ ಬೆಳಕನ್ನು ಈ ಪಕ್ಕದಿಂದ ಆ ಪಕ್ಕದಿಂದ ಬೀಳಿಸಿ ನೋಡಬಹುದು. ಹಗಲಿನಲ್ಲಿ ಕಾಣದ ಗೀರು ಆಗ ಅಕ್ಷರವಾಗಿ ತೋರುತ್ತದೆ. ಇದು ಕನ್ನಡಕವಲ್ಲದಿದ್ದರೂ ಕನ್ನಡಕ ಕಲಿಯಬೇಕಾದ ಪಾಠ ಇದರಲ್ಲಿದೆ. ಈ ಯಂತ್ರ ಕಲ್ಲಿನ ಮೇಲೆ ಏನನ್ನೂ ಬರೆಯಲಿಲ್ಲ. ಕಲ್ಲಿನಲ್ಲಿದ್ದುದನ್ನು ಕಣ್ಣಿಗೆ ತಂದಿತು. ಓದುವ ಜವಾಬ್ದಾರಿಯನ್ನು ವಿದ್ವಾಂಸರಿಗೇ ಬಿಟ್ಟಿತು. ಒಬ್ಬರು ಒಂದು ಪಾಠ ಹಿಡಿದರೆ ಇನ್ನೊಬ್ಬರು ಅದೇ ಅಳತೆಯನ್ನು ಮುಂದಿಟ್ಟುಕೊಂಡು ಅದು ತಪ್ಪೆಂದು ವಾದಿಸಬಹುದು.

ಇನ್ನು ಪೀಣ್ಯಕ್ಕೆ ಹೋಗೋಣ. ಏಷ್ಯದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೇಳುವ ಈ ಸ್ಥಳದಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳು ಸಾವಿರಾರು. ಲೇತಿನ ಮುಂದೆ ನಿಂತ ಹುಡುಗನು ನಕ್ಷೆಯನ್ನು ಓದಿ, ವರ್ನಿಯರಿನಿಂದ ಅಳೆದು, ಲೋಹದ ಸದ್ದಿನಿಂದ ಉಳಿಯ ಹದವನ್ನು ತಿಳಿದು, ವರ್ಷಗಳ ಮೇಲೆ ಕುಶಲನಾಗುತ್ತಾನೆ. ಇವನಿಗೆ ಕನ್ನಡಕವೊಂದನ್ನು ತೊಡಿಸಿ, ತೂತು ಕೊರೆಯಬೇಕಾದ ಜಾಗವನ್ನು ಲೋಹದ ಮೇಲೆಯೇ ಬೆಳಕಿನ ಚುಕ್ಕೆಯಿಂದ ತೋರಿಸಿದರೆ ಮೊದಲ ದಿನವೇ ಕೆಲಸ ಸಾಗುತ್ತದೆ, ತಪ್ಪು ಕಡಮೆಯಾಗುತ್ತದೆ, ಕೈಗೆ ಪೆಟ್ಟಾಗುವುದೂ ತಪ್ಪಬಹುದು. ಇವು ಅಲ್ಲಗಳೆಯಲಾಗದ ಲಾಭಗಳು. ಆದರೆ ಐದು ವರ್ಷಗಳ ಬಳಿಕ ಅವನು ಏನಾಗಿರುತ್ತಾನೆ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಚುಕ್ಕೆ ಅಲ್ಲಿಯೇ ಏಕೆ ಬಿತ್ತೆಂಬುದನ್ನು ಕನ್ನಡಕ ಅವನಿಗೆ ಹೇಳಿದ್ದರೆ, ದಿನದಿನಕ್ಕೆ ಚುಕ್ಕೆಗಳನ್ನು ಕಡಮೆಮಾಡುತ್ತ ಅವನ ಕಣ್ಣಿಗೆ ಕೆಲಸವನ್ನು ಒಪ್ಪಿಸಿದ್ದರೆ, ಅವನು ಫಿಟ್ಟರನಾಗಿರುತ್ತಾನೆ. ನಾಳೆ ಬೇರೆ ಕಾರ್ಖಾನೆಗೆ ಹೋದರೂ ವಿದ್ಯೆ ಅವನೊಡನೆ ಹೋಗುತ್ತದೆ. ಚುಕ್ಕೆ ಕಂಡಲ್ಲಿ ಒತ್ತು ಎಂಬಷ್ಟನ್ನೇ ಕಲಿಸಿದ್ದರೆ ವಿದ್ಯೆ ಕನ್ನಡಕದಲ್ಲಿ ಉಳಿಯುತ್ತದೆ, ಕನ್ನಡಕ ಯಜಮಾನರ ಬೀರುವಿನಲ್ಲಿ ಉಳಿಯುತ್ತದೆ, ಅವನು ಬರಿಗೈಯಲ್ಲಿ ಗೇಟು ದಾಟುತ್ತಾನೆ. ಒಂದೇ ಯಂತ್ರ, ಒಂದೇ ಗಾಜು. ಬರೆದ ಟೀಕೆಯ ಬಗೆಯಿಂದ ಒಂದು ಜೀವನ ಹೀಗೋ ಹಾಗೋ ಆಗುತ್ತದೆ. ಕೈಗಾರಿಕೆಯ ಲೆಕ್ಕಪುಸ್ತಕದಲ್ಲಿ ಈ ವ್ಯತ್ಯಾಸಕ್ಕೆ ಕಲಮು ಇಲ್ಲದಿರುವುದರಿಂದಲೇ ಇದನ್ನು ಇತರರು ಹೇಳಬೇಕಾಗಿದೆ.

ಭಾಷೆಯ ವಿಷಯದಲ್ಲಿ ಪಣ ಇನ್ನೂ ದೊಡ್ಡದು. ವೈಟ್‌ಫೀಲ್ಡ್ ಎಂಬ ಊರು ಹುಟ್ಟಿದ್ದು ೧೮೮೨ರಲ್ಲಿ. ಮಹಾರಾಜ ಚಾಮರಾಜ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ಸುಮಾರು ೩,೯೦೦ ಎಕರೆ ನೆಲದಲ್ಲಿ ನೆಲೆಯೂರಿ, ಆ ಸಂಘದ ಸ್ಥಾಪಕರಾದ ವೈಟ್ ಎಂಬವರ ಹೆಸರನ್ನು ಪಡೆಯಿತು. ಅದರ ಸುತ್ತ ಕಾಡುಗೋಡಿ, ಇಮ್ಮಡಿಹಳ್ಳಿ, ಪಟ್ಟಂದೂರು ಅಗ್ರಹಾರ, ಹೂಡಿ, ಸಾದರಮಂಗಲ, ವರ್ತೂರು ಎಂಬ ಹಳ್ಳಿಗಳು ತಮ್ಮ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿವೆ. ೧೯೯೦ರ ದಶಕದಲ್ಲಿ ಅಲ್ಲಿ ಎದ್ದ ಟೆಕ್ ಪಾರ್ಕಿನ ಮೊದಲಕ್ಷರಗಳಿಂದ ಆ ಬೀದಿಯನ್ನು ಐಟಿಪಿಎಲ್ ಎಂದರೂ, ಮೆಟ್ರೋ ನಿಲ್ದಾಣದ ಮೇಲೆ ಪಟ್ಟಂದೂರು ಅಗ್ರಹಾರವೆಂದು ಬರೆದಿದೆ. ಅಂಗಡಿಯ ಫಲಕಗಳಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡವಿರಬೇಕೆಂದು ೨೦೨೪ರಲ್ಲಿ ರಾಜ್ಯದ ಶಾಸನಸಭೆ ಕಾಯಿದೆಯನ್ನು ತಿದ್ದಿತು. ಅಷ್ಟು ಹೋರಾಡಿ ಪಡೆದ ಫಲಕದ ಮೇಲೆ ಕನ್ನಡಕ ಇನ್ನೊಂದು ಫಲಕವನ್ನು ತೂಗುಹಾಕಬಲ್ಲದು. ಕೈಫೋನಿನ ಕ್ಯಾಮೆರಾ ಈ ಕೆಲಸವನ್ನು ಈಗಾಗಲೇ ಮಾಡುತ್ತಿದೆ. ಅದನ್ನು ಕನ್ನಡದ ಬರಹದ ಕಡೆಗೆ ಹಿಡಿದರೆ, ಮೂಲದ ಅಕ್ಷರ ಮರೆಯಾಗಿ, ಅದೇ ಜಾಗದಲ್ಲಿ ಅದೇ ಬಣ್ಣದ ಹಿನ್ನೆಲೆಯಲ್ಲಿ ಇಂಗ್ಲಿಷು ಬಂದು ಕೂರುತ್ತದೆ. ಪ್ರಕ್ಷೇಪಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನ ಬೇಕೆ? ಟೀಕೆ ಮೂಲವನ್ನು ಅಳಿಸಿ ತಾನೇ ಮೂಲವಾಗಿ ಕುಳಿತಿದೆ.

ಹೊಸದಾಗಿ ಊರಿಗೆ ಬಂದವರಿಗೆ ಆಸ್ಪತ್ರೆಯ ದಾರಿಯೂ ಬಸ್ಸಿನ ಹಲಗೆಯೂ ಬೇಗ ತಿಳಿಯಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅವರಿಗೆ ನೆರವಾಗುವ ಯಂತ್ರವನ್ನು ದೂಷಿಸುವುದು ಸೌಜನ್ಯವಲ್ಲ. ನಮ್ಮ ಆಕ್ಷೇಪಣೆ ನೆರವಿನ ರೀತಿಗೆ ಸಂಬಂಧಿಸಿದ್ದು. ಕನ್ನಡದ ಅಕ್ಷರವನ್ನು ಇದ್ದಂತೆಯೇ ಇರಗೊಟ್ಟು, ಅದರ ಕೆಳಗೆ ಉಚ್ಚಾರಣೆಯನ್ನೂ ಆಮೇಲೆ ಅರ್ಥವನ್ನೂ ತೋರಿಸಿ, ಹತ್ತು ಸಲ ಕಂಡ ಮಾತಿಗೆ ಹನ್ನೊಂದನೆಯ ಸಲ ಮೌನವಾಗುವ ಕನ್ನಡಕ ಇದ್ದರೆ, ಆರು ತಿಂಗಳಲ್ಲಿ ಪರಭಾಷೆಯವರು ಬೀದಿಯನ್ನು ತಾವೇ ಓದಿಯಾರು. ಅಂಥ ಕನ್ನಡಕ ಕನ್ನಡದ ಉಪಾಧ್ಯಾಯ. ಅಕ್ಷರವನ್ನು ಅಳಿಸಿ ಅರ್ಥವನ್ನು ಮಾತ್ರ ಕೊಡುವ ಕನ್ನಡಕವಾದರೆ, ಇಪ್ಪತ್ತು ವರ್ಷ ಕಾಡುಗೋಡಿಯಲ್ಲಿ ವಾಸಮಾಡಿದವರೂ ಕಾ ಎಂಬ ಅಕ್ಷರವನ್ನು ಕಾಣದೆಯೇ ಇರಬಹುದು. ಬೀದಿಯ ಫಲಕ ಎಲ್ಲರಿಗೂ ಕಾಣುವುದರಿಂದ ಅದರ ಮೇಲೆ ಕಾಯಿದೆ ನಡೆಯುತ್ತದೆ, ಜಗಳವೂ ನಡೆಯುತ್ತದೆ, ರಾಜಿಯೂ ನಡೆಯುತ್ತದೆ. ಗಾಜಿನೊಳಗಿನ ಫಲಕ ಒಬ್ಬರಿಗೆ ಮಾತ್ರ ಕಾಣುವುದು. ಅದರ ಮೇಲೆ ಏನು ಬರೆಯಬೇಕೆಂಬುದು ಬರೆಯುವ ಸಂಸ್ಥೆಗೆ ಮಾತ್ರ ಗೊತ್ತು. ಅಲ್ಲಿ ಅಂಗಡಿಯ ಜಾಹೀರಾತು ಬಂದು ಕುಳಿತರೆ, ಇದು ದಾರಿಯ ಸಂಗತಿ, ಇದು ವರ್ತಕರ ಹಣದ ಮಾತು ಎಂದು ಬೇರೆಮಾಡಿ ತೋರಿಸುವವರು ಯಾರು?

ಮೂಲವೆಂಬ ಮಾತನ್ನು ಇಷ್ಟು ಹೊತ್ತು ಕಲ್ಲು, ಲೋಹ, ಫಲಕಗಳಿಗೆ ಬಳಸಿದೆವು. ಆದರೆ ಬೀದಿಯಲ್ಲಿ ಮನುಷ್ಯರೂ ಇದ್ದಾರೆ. ಕಾವ್ಯಕ್ಕೆ ಟೀಕೆ ಬರೆದರೆ ಕಾವ್ಯಕ್ಕೆ ನೋವಿಲ್ಲ. ಮನುಷ್ಯನ ಮುಖಕ್ಕೆ ಅವನರಿಯದೆ ಟೀಕೆ ಬ���ೆದರೆ ಅದು ಬೇರೆಯ ವಿಷಯ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ೨೦೨೪ರಲ್ಲಿ ಇಂಥ ಕನ್ನಡಕದ ಕ್ಯಾಮೆರಾವನ್ನು ಮುಖಗಳನ್ನು ಹುಡುಕುವ ವ್ಯವಸ್ಥೆಗೆ ಜೋಡಿಸಿ, ದಾರಿಯಲ್ಲಿ ಎದುರಾದ ಅಪರಿಚಿತರ ಹೆಸರು ಮೊದಲಾದ ವಿವರಗಳನ್ನು ಕ್ಷಣದಲ್ಲಿ ಪಡೆಯಬಹುದೆಂದು ತೋರಿಸಿದರು. ಅಪಾಯವನ್ನು ಲೋಕಕ್ಕೆ ತಿಳಿಸುವುದೇ ತಮ್ಮ ಉದ್ದೇಶವೆಂದರು. ಮಾರಾಟದಲ್ಲಿರುವ ಕನ್ನಡಕಗಳು ಚಿತ್ರ ತೆಗೆಯುವಾಗ ಚೌಕಟ್ಟಿನ ಅಂಚಿನಲ್ಲಿ ಸಣ್ಣ ದೀಪ ಹೊತ್ತುತ್ತದೆಂಬುದು ನಿಜ. ಮಧ್ಯಾಹ್ನದ ಬಿಸಿಲಿನಲ್ಲಿ ಹೂವು ಮಾರುವಾಕೆ ಆ ದೀಪವನ್ನು ಕಂಡು ಅದರ ಅರ್ಥವನ್ನು ತಿಳಿದು ಬೇಡವೆನ್ನಬೇಕೆಂದು ನಿರೀಕ್ಷಿಸುವುದು ನ್ಯಾಯವೇ? ಖಾಸಗಿತನ ಮೂಲಭೂತವಾದ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಏಕಮತದಿಂದ ಹೇಳಿದ ತೀರ್ಪು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯ ಫಲ. ಆ ಹಕ್ಕು ಕನ್ನಡಕ ಧರಿಸಿದವರಿಗಿರುವಷ್ಟೇ ಅದರ ಎದುರಿಗೆ ನಿಂತವರಿಗೂ ಇದೆ. ವಸ್ತುವಿಗೆ ಟೀಕೆ ಬರೆಯಲು ಪಾಂಡಿತ್ಯ ಸಾಕು. ಮನುಷ್ಯನಿಗೆ ಬರೆಯಲು ಅವನ ಅನುಮತಿ ಬೇಕು.

ಹೊಸ ಸಾಧನ ಬಂದಾಗಲೆಲ್ಲ ಹಳಬರು ಹೀಗೆಯೇ ಗೊಣಗಿದರು, ಅಚ್ಚು ಬಂದಾಗ ಕಂಠಪಾಠ ಹೋಯಿತೆಂದು ಮರುಗಿದರು, ಕಡೆಗೆ ಲೋಕಕ್ಕೆ ಒಳ್ಳೆಯದೇ ಆಯಿತು ಎಂದು ಪ್ರತಿವಾದಿಗಳು ಹೇಳಬಹುದು. ಈ ವಾದದಲ್ಲಿ ಸತ್ಯವಿದೆ. ಕಂಠಪಾಠ ಹೋದದ್ದೂ ನಿಜ, ಅಚ್ಚಿನಿಂದ ಲಕ್ಷಾಂತರ ಮನೆಗಳಿಗೆ ಪುಸ್ತಕ ಬಂದದ್ದೂ ನಿಜ. ಆದರೆ ಅಚ್ಚಾದ ಪುಸ್ತಕಕ್ಕೆ ಒಂದು ಗುಣವುಂಟು. ಅದನ್ನು ಮುಚ್ಚಬಹುದು, ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ಸರಿಯಲ್ಲವೆಂದು ನೆರೆಯವರಿಗೆ ತೋರಿಸಬಹುದು, ನೆರೆಯವರ ಪ್ರತಿಯಲ್ಲಿಯೂ ಅದೇ ಸಾಲು ಇರುತ್ತದೆ. ವಿಮರ್ಶೆ ಎಂಬ ವ್ಯವಹಾರವೆಲ್ಲ ನಿಂತಿರುವುದು ಈ ಸಮಾನವಾದ ಸಾಲಿನ ಮೇಲೆ. ಕನ್ನಡಕದ ಟೀಕೆಯಾದರೋ ಕ್ಷಣಕ್ಕೆ ಮೂಡಿ ಕ್ಷಣಕ್ಕೆ ಅಳಿಯುತ್ತದೆ. ಒಂದೇ ಮರದ ವಿಷಯದಲ್ಲಿ ನನಗೆ ಹೇಳಿದ್ದು ಬೇರೆ, ನಿಮಗೆ ಹೇಳಿದ್ದು ಬೇರೆ ಇರಬಹುದು. ಇಬ್ಬರಿಗೂ ಸಮಾನವಾದ ಸಾಲಿಲ್ಲದ ಮೇಲೆ ಚರ್ಚೆಗೆ ನೆಲೆಯೆಲ್ಲಿ? ಇದು ಗೊಣಗಲ್ಲ, ಈ ಹೊಸ ಪ್ರಕಾರದ ಲಕ್ಷಣದಲ್ಲಿಯೇ ಇರುವ ಕೊರತೆ. ಮಾಡುವವರು ಮನಸ್ಸಿಟ್ಟರೆ ತಿದ್ದಬಹುದಾದ ಕೊರತೆ. ಹೇಳಿದ ಮಾತಿಗೆ ಆಧಾರವೇನೆಂದು ಕೇಳಿದರೆ ತೋರಿಸುವುದು, ತನ್ನ ಮಾತನ್ನೂ ಜಾಹೀರಾತನ್ನೂ ಲೋಕದ ವಸ್ತುವಿನಿಂದ ಬೇರೆಯಾಗಿ ಕಾಣುವಂತೆ ಬರೆಯುವುದು, ತಿಳಿಯದಿದ್ದರೆ ತಿಳಿಯದೆನ್ನುವುದು, ಬಳಸಿದಂತೆಲ್ಲ ಕಡಮೆ ಮಾತನಾಡುವುದು: ಇವು ಯಂತ್ರಶಾಸ್ತ್ರಕ್ಕೆ ಮೀರಿದ ಬೇಡಿಕೆಗಳಲ್ಲ.

ಇವನ್ನು ಯಾರು ಕೇಳಬೇಕು? ಈ ಕನ್ನಡಕಗಳಿಗೆ ಬುದ್ಧಿ ಕಲಿಸತಕ್ಕ ಕೆಲಸ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಂಥ ಎಡೆಗಳಲ್ಲಿ ನಡೆಯತಕ್ಕದ್ದು; ಅಲ್ಲಿ ದುಡಿಯುವವರಲ್ಲಿ ನಮ್ಮ ಮನೆಗಳ ಮಕ್ಕಳೂ ಅನೇಕರಿದ್ದಾರೆ. ಅವರು ಗಣಿತವನ್ನು ಚೆನ್ನಾಗಿ ಕಲಿತವರು. ಒಳ್ಳೆಯ ಟೀಕೆ ಹೇಗಿರಬೇಕೆಂಬುದನ್ನು ಅವರಿಗೆ ಹೇಳಿಕೊಡುವ ಸಾಮಗ್ರಿ ಮನೆಯ ಪುಸ್ತಕದ ಕಪಾಟಿನಲ್ಲಿದೆ, ಊರಿನ ಗಮಕದ ಸಭೆಯಲ್ಲಿದೆ. ಅದನ್ನು ಅವರಿಗೆ ತಲುಪಿಸುವುದು ಹಿರಿಯರ ಪಾಲಿನ ಕೆಲಸ. ಕನ್ನಡಕವನ್ನು ಕೊಳ್ಳತಕ್ಕವರಿಗೆ ನಮ್ಮ ಸೂಚನೆ ಇನ್ನೂ ಸುಲಭವಾದದ್ದು. ಒಂದು ತಿಂಗಳು ಧರಿಸಿದ ಮೇಲೆ ಒಂದು ದಿನ ಅದನ್ನು ಮೇಜಿನ ಮೇಲಿಟ್ಟು ಅದೇ ಬೀದಿಯಲ್ಲಿ ನಡೆದು ನೋಡಬೇಕು. ಮರಗಳ ಹೆಸರು, ಫಲಕಗಳ ಅಕ್ಷರ, ಎದುರು ಮನೆಯವರ ಮುಖ ಇವು ಮೊದಲಿಗಿಂತ ಚೆನ್ನಾಗಿ ಕಂಡರೆ ಹಿರಿಯರಿಟ್ಟ ಸುಲೋಚನವೆಂಬ ಹೆಸರು ಅದಕ್ಕೆ ಸಲ್ಲುತ್ತದೆ. ಬೀದಿ ಮೂಕವಾಗಿ, ಬೋಳಾಗಿ ತೋರಿದರೆ, ಕೊಟ್ಟ ಹಣಕ್ಕೆ ಕಣ್ಣನ್ನೂ ಸೇರಿಸಿ ಕೊಟ್ಟಂತಾಯಿತೆಂದು ತಿಳಿಯಬೇಕು.